ಉಪ್ಪು ತಾಳುವ ಭತ್ತ ಸಿದ್ಧ, ಬೆಳೆಯಲು ಗದ್ದೆ ಎಲ್ಲಿ? ಪನ್ವೇಲ್‌ನಿಂದ ಕುಮಟಾವರೆಗೆ ಒಂದೇ ಪ್ರಶ್ನೆ

ನವಿ ಮುಂಬೈ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾಯಿತು. ಡಿಸೆಂಬರ್ 25ರಿಂದ ವಿಮಾನ ಸಂಚಾರವೂ ಆರಂಭವಾಯಿತು. ಈ ನಿಲ್ದಾಣ ತಲೆಯೆತ್ತಿರುವ ಪನ್ವೇಲ್‌ನಲ್ಲಿ ಸುದ್ದಿಯಲ್ಲಿ ಅಷ್ಟಾಗಿ ಕಾಣಿಸಿಕೊಳ್ಳದ ಇನ್ನೊಂದು ಸಂಸ್ಥೆಯೂ ಇದೆ. ಅದು ದಾಪೋಳಿಯ ಡಾ. ಬಾಳಾಸಾಹೇಬ್ ಸಾವಂತ್ ಕೊಂಕಣ ಕೃಷಿ ವಿದ್ಯಾಪೀಠಕ್ಕೆ ಸೇರಿದ ಖಾರ್ ಭೂಮಿ ಸಂಶೋಧನಾ ಕೇಂದ್ರ. ಸಮುದ್ರದ ಉಪ್ಪುನೀರು ನುಗ್ಗುವ ಗದ್ದೆಗಳಲ್ಲೂ ಬದುಕಬಲ್ಲ ಭತ್ತವನ್ನು ಹುಡುಕುವುದು ಈ ಕೇಂದ್ರದ ಕೆಲಸ. ಪನ್ವೇಲ್-1, ಪನ್ವೇಲ್-2, ಪನ್ವೇಲ್-3 ತಳಿಗಳು ಇಲ್ಲಿಂದಲೇ ಬಂದವು.

ಒಂದೆಡೆ ಉಪ್ಪು, ನೆರೆ, ಬರ ತಾಳುವ ಬೆಳೆಗಾಗಿ ವಿಜ್ಞಾನ ವೇಗವಾಗಿ ಮುನ್ನಡೆಯುತ್ತಿದೆ. ಇನ್ನೊಂದೆಡೆ ಅಂಥ ಬೆಳೆ ಬೇಕಾಗಿರುವ ಥಾಣೆ, ಕಲ್ಯಾಣ್, ಡೊಂಬಿವಲಿ, ನವಿ ಮುಂಬೈ ಪಟ್ಟಿಯಲ್ಲಿ ಭತ್ತದ ಗದ್ದೆಗಳೇ ಕರಗುತ್ತಿವೆ. ಈ ಭಾಗದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಬಹಳಷ್ಟು ಮಂದಿಯ ಬೇರು ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡದ ಕರಾವಳಿಯಲ್ಲಿದೆ. ಊರಲ್ಲಿ ಇಂದಿಗೂ ಗದ್ದೆ ಇರುವವರಿಗೆ ಈ ಕಥೆ ಹೊಸದಲ್ಲ. ಹಾಗಾದರೆ ಗಿಡವೊಂದು ಉಪ್ಪನ್ನು, ನೆರೆಯನ್ನು ತಾಳಿಕೊಳ್ಳುವುದು ಹೇಗೆ? ಪ್ರಯೋಗಾಲಯದ ಈ ಜ್ಞಾನ ರೈತನಿಗೆ ಎಷ್ಟರ ಮಟ್ಟಿಗೆ ದಕ್ಕುತ್ತದೆ?

ಏನಿದು ಖಾರ್ ಭೂಮಿ?

ಕೊಂಕಣದ ನದಿಗಳು ಸಮುದ್ರ ಸೇರುವ ಕಡೆ ಉಬ್ಬರದ ನೀರು ಕಿಲೋಮೀಟರ್‌ಗಟ್ಟಲೆ ಒಳಕ್ಕೆ ಬರುತ್ತದೆ. ಥಾಣೆ ಖಾಡಿ, ಉಲ್ಹಾಸ್ ನದಿಯ ಅಳಿವೆ, ಪನ್ವೇಲ್ ಖಾಡಿ ಎಲ್ಲವೂ ಇಂಥವೇ. ಈ ಖಾಡಿಗಳ ದಂಡೆಯ ತಗ್ಗು ಜಾಗಗಳಿಗೆ ಮಣ್ಣಿನ ಒಡ್ಡು ಕಟ್ಟಿ, ಉಪ್ಪುನೀರನ್ನು ಹೊರಗೆ ತಡೆದು, ಮಳೆನೀರಿನಲ್ಲಿ ಭತ್ತ ಬೆಳೆಯುವ ಪದ್ಧತಿ ತಲೆಮಾರುಗಳಿಂದ ಬಂದಿದೆ. ಇಂಥ ಜಮೀನಿಗೆ ಅಲ್ಲಿನವರು ಹೇಳುವುದು 'ಖಾರ್'. ಆಗ್ರಿ ಮತ್ತು ಕೋಳಿ ಸಮುದಾಯಗಳ ಬದುಕು ಭತ್ತ, ಮೀನು ಮತ್ತು ಉಪ್ಪಿನಾಗರ ಎಂಬ ಮೂರು ಕಂಬಗಳ ಮೇಲೆ ನಿಂತಿತ್ತು. ಈ ಒಡ್ಡುಗಳ ರಕ್ಷಣೆಗಾಗಿಯೇ 1948ರಲ್ಲಿ ಮುಂಬೈ ಪ್ರಾಂತ್ಯ ಪ್ರತ್ಯೇಕ ಕಾನೂನು ತಂದಿತು. 1979ರಲ್ಲಿ ಮಹಾರಾಷ್ಟ್ರ ಸರ್ಕಾರ ಖಾರ್ ಭೂಮಿ ಅಭಿವೃದ್ಧಿ ಕಾಯ್ದೆ ಮಾಡಿತು.

ಖಾರ್ ಭೂಮಿಯ ಲೆಕ್ಕಾಚಾರ ಸರಳ. ಜೂನ್‌ನಲ್ಲಿ ಮಳೆ ಹಿಡಿದರೆ ಮಣ್ಣಿನ ಉಪ್ಪು ತೊಳೆದು ಹೋಗುತ್ತದೆ, ಸಸಿ ಬೇರೂರುತ್ತದೆ. ಮುಂಗಾರು ತಡವಾದರೆ ಅಥವಾ ನಡುವೆ ಹತ್ತು ಹದಿನೈದು ದಿನ ಕೈಕೊಟ್ಟರೆ ಉಪ್ಪು ಮತ್ತೆ ಮೇಲೇಳುತ್ತದೆ. ಒಡ್ಡು ಒಡೆದರೆ ಒಂದೇ ರಾತ್ರಿಯಲ್ಲಿ ಬೆಳೆ ಹೋಗುತ್ತದೆ. ಧಾನ್ಯಗಳಲ್ಲಿ ಉಪ್ಪಿಗೆ ಅತಿ ಬೇಗ ಸೋಲುವ ಬೆಳೆಗಳಲ್ಲಿ ಭತ್ತವೂ ಒಂದು. ಅದರಲ್ಲೂ ಎಳೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವ ಹೊತ್ತಿನಲ್ಲಿ ಅದು ತೀರಾ ಸೂಕ್ಷ್ಮ.

ವಂಶವಾಹಿ ಕುಟುಂಬ ಎಂದರೆ?

ಪ್ರಾಣಿಗಾದರೆ ಕಷ್ಟ ಬಂದಾಗ ಓಡಿಹೋಗುವ ದಾರಿಯಿದೆ. ಬೇರು ಬಿಟ್ಟ ಗಿಡಕ್ಕೆ ಅದಿಲ್ಲ. ನಿಂತಲ್ಲೇ ನಿಂತು ಒಳಗಿನ ವ್ಯವಸ್ಥೆಯನ್ನು ಬದಲಿಸಿಕೊಳ್ಳಬೇಕು. ಆ ಬದಲಾವಣೆಯ ಆದೇಶಗಳು ವಂಶವಾಹಿಗಳಲ್ಲಿ, ಅಂದರೆ ಜೀನ್‌ಗಳಲ್ಲಿವೆ. ಭತ್ತದ 12 ವರ್ಣತಂತುಗಳ ಸಂಪೂರ್ಣ ನಕ್ಷೆ 2005ರಲ್ಲಿ ಪ್ರಕಟವಾಯಿತು. ಆ ಅಂತಾರಾಷ್ಟ್ರೀಯ ಯೋಜನೆಯಲ್ಲಿ ಭಾರತದ ವಿಜ್ಞಾನಿಗಳೂ ಇದ್ದರು, 11ನೇ ವರ್ಣತಂತುವಿನ ಒಂದು ಭಾಗವನ್ನು ಓದಿದ್ದು ಅವರೇ. ಆಗ ಸಿಕ್ಕ ಅಂದಾಜಿನ ಪ್ರಕಾರ ಭತ್ತದಲ್ಲಿರುವ ವಂಶವಾಹಿಗಳು 37,000ಕ್ಕೂ ಹೆಚ್ಚು.

ಇವೆಲ್ಲ ಬಿಡಿಬಿಡಿಯಾಗಿ ಹುಟ್ಟಿದವಲ್ಲ. ವಿಕಾಸದ ಹಾದಿಯಲ್ಲಿ ಒಂದು ಮೂಲ ವಂಶವಾಹಿಯ ನಕಲುಗಳಾಗಿ, ಪ್ರತಿ ನಕಲೂ ಸ್ವಲ್ಪ ಬದಲಾಗಿ, ಬೇರೆ ಬೇರೆ ಕೆಲಸ ಕಲಿತುಕೊಂಡಿತು. ಹೀಗೆ ಒಂದೇ ಮೂಲದಿಂದ ಬಂದ ಗುಂಪಿಗೆ ವಿಜ್ಞಾನಿಗಳು 'ವಂಶವಾಹಿ ಕುಟುಂಬ' ಎನ್ನುತ್ತಾರೆ. ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರಲ್ಲಿ ಒಬ್ಬ ಗದ್ದೆ ನೋಡಿಕೊಂಡು, ಇನ್ನೊಬ್ಬ ಮುಂಬೈಗೆ ಹೋಗಿ ಹೋಟೆಲ್ ನಡೆಸುವಂತೆ, ಇಲ್ಲೂ ಮನೆತನ ಒಂದೇ, ಕೆಲಸ ಬೇರೆ. ಕೆಲವೊಮ್ಮೆ ಇಬ್ಬರ ಕೆಲಸ ತದ್ವಿರುದ್ಧವೂ ಆಗಿರುತ್ತದೆ. ಇದನ್ನು ಗಮನದಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭ.

ಉಪ್ಪು: ದ್ವಾರಪಾಲಕರ ಕುಟುಂಬ

ಉಪ್ಪಿನಲ್ಲಿರುವ ಸೋಡಿಯಂ ಬೇರಿನ ಮೂಲಕ ಒಳಬಂದು ನೀರಿನ ಕೊಳವೆಗಳಲ್ಲಿ ಏರಿ ಎಲೆ ಸೇರಿದರೆ ಎಲೆ ಸುಡುತ್ತದೆ. ಇದನ್ನು ತಡೆಯುವ ಕೆಲಸದಲ್ಲಿ ಮುಖ್ಯ ಪಾತ್ರ 'ಎಚ್‌ಕೆಟಿ' ಎಂಬ ಕುಟುಂಬದ್ದು. ಈ ಕುಟುಂಬದ ವಂಶವಾಹಿಗಳು ಜೀವಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಸಾಗಿಸುವ ಪ್ರೋಟೀನ್‌ಗಳನ್ನು ತಯಾರಿಸುತ್ತವೆ. ಇವುಗಳ ಪೈಕಿ ಒಂದು, ಕೊಳವೆಯಲ್ಲಿ ಮೇಲೇರುತ್ತಿರುವ ಸೋಡಿಯಂ ಅನ್ನು ಹಿಡಿದು ಹೊರಕ್ಕೆಳೆಯುತ್ತದೆ. ಹೀಗಾಗಿ ಎಲೆಗೆ ತಲುಪುವ ಉಪ್ಪು ಕಡಿಮೆ. ಇದರ ಪ್ರಬಲ ರೂಪ ಪತ್ತೆಯಾಗಿದ್ದು ಬಂಗಾಳದ ಕರಾವಳಿಯ 'ನೋನಾ ಬೊಕ್ರಾ' ಎಂಬ ನಾಟಿ ಭತ್ತದಲ್ಲಿ. ಆ ಸಂಶೋಧನೆ 2005ರಲ್ಲಿ ಪ್ರಕಟವಾಯಿತು. ಕೇರಳದ ಪೊಕ್ಕಾಳಿ ಭತ್ತದಲ್ಲಿ ಗುರುತಿಸಲಾದ, ಉಪ್ಪು ತಾಳುವ ಗುಣದ 'ಸಾಲ್ಟಾಲ್' ಭಾಗವೂ ಅದೇ ಮೊದಲನೇ ವರ್ಣತಂತುವಿನಲ್ಲಿದೆ.

ಅದೇ ಕುಟುಂಬದ ಇನ್ನೊಬ್ಬ ಸದಸ್ಯನ ಕೆಲಸ ಮಾತ್ರ ಉಲ್ಟಾ. ಮಣ್ಣಿನಲ್ಲಿ ಪೊಟ್ಯಾಸಿಯಂ ಕೊರತೆಯಾದಾಗ ಬೇರು ಸೋಡಿಯಂ ಅನ್ನೇ ಒಳಗೆ ತೆಗೆದುಕೊಳ್ಳಲು ಅದು ನೆರವಾಗುತ್ತದೆ. ಆದ್ದರಿಂದ 'ಎಚ್‌ಕೆಟಿ ಇದ್ದರೆ ಸಾಕು, ಬೆಳೆ ಉಪ್ಪು ತಾಳುತ್ತದೆ' ಎನ್ನುವಂತಿಲ್ಲ. ಯಾವ ಸದಸ್ಯ, ಬೇರಿನಲ್ಲೋ ಕಾಂಡದಲ್ಲೋ, ಯಾವ ಹೊತ್ತಿನಲ್ಲಿ ಕೆಲಸ ಮಾಡುತ್ತದೆ ಎಂಬುದೇ ಮುಖ್ಯ.

ಗದ್ದೆಯಲ್ಲಿ ಇದು ಫಲ ಕೊಟ್ಟ ಉದಾಹರಣೆ ಗೋಧಿಯಲ್ಲಿದೆ. ಪುರಾತನ ಗೋಧಿಯೊಂದರ ಎಚ್‌ಕೆಟಿ ವಂಶವಾಹಿಯನ್ನು ಸಾಂಪ್ರದಾಯಿಕ ಸಂಕರಣದಿಂದಲೇ ಡ್ಯೂರಮ್ ಗೋಧಿಗೆ ಸೇರಿಸಿದ ಆಸ್ಟ್ರೇಲಿಯಾದ ವಿಜ್ಞಾನಿಗಳು, ಉಪ್ಪು ಮಣ್ಣಿನಲ್ಲಿ ಇಳುವರಿ ಶೇ 25ರಷ್ಟು ಹೆಚ್ಚಿದ್ದನ್ನು 2012ರಲ್ಲಿ ವರದಿ ಮಾಡಿದರು. ಕೊಂಕಣದ ಬಳಿಯೂ ಇಂಥ ಆಸ್ತಿ ಇದೆ. ಇಲ್ಲಿನ ಖಾರ್ ಗದ್ದೆಗಳ 'ಕಾಳಾ ರತಾ', 'ಭೂರಾ ರತಾ' ಭತ್ತಗಳು ಪೊಕ್ಕಾಳಿ, ನೋನಾ ಬೊಕ್ರಾ ಸಾಲಿನಲ್ಲೇ ನಿಲ್ಲುವ ಉಪ್ಪು ಸಹಿಷ್ಣು ನಾಟಿ ತಳಿಗಳು. ಥಾಣೆ ಖಾಡಿಯ ಆಚೆ ದಡದ ಟ್ರಾಂಬೆಯಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರ ವಿಕಿರಣದ ಮೂಲಕ ಹೊಸ ತಳಿ ರೂಪಿಸುವ ಕೆಲಸವನ್ನು ದಶಕಗಳಿಂದ ಮಾಡುತ್ತಿದೆ.

ನೆರೆ: ಒಂದೇ ಮನೆತನ, ಎರಡು ದಾರಿ

2019ರ ಜುಲೈ 27ರಂದು ಬದ್ಲಾಪುರ ಮತ್ತು ವಾಂಗಣಿ ನಡುವೆ ಉಲ್ಹಾಸ್ ನದಿಯ ನೆರೆಯಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಸಿಲುಕಿ, ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ರಕ್ಷಿಸಿದ್ದು ದೇಶದ ಗಮನ ಸೆಳೆದಿತ್ತು. ಆ ದೃಶ್ಯಗಳಲ್ಲಿ ಹಳಿಯ ಎರಡೂ ಬದಿಯಲ್ಲಿ ನೀರೋ ನೀರು. ಇಂಥ ನೆರೆಯಲ್ಲಿ ಪೂರ್ತಿ ಮುಳುಗಿದ ಸಾಮಾನ್ಯ ಭತ್ತ ವಾರ ಕಳೆಯುವಷ್ಟರಲ್ಲಿ ಸಾಯತೊಡಗುತ್ತದೆ. ಕಾರಣ ಕುತೂಹಲಕರ. ನೀರಿನಿಂದ ತಲೆ ಹೊರಹಾಕಲು ಗಿಡ ಅವಸರದಲ್ಲಿ ಉದ್ದ ಬೆಳೆಯುತ್ತದೆ. ಕೂಡಿಟ್ಟ ಶಕ್ತಿಯೆಲ್ಲ ಅದಕ್ಕೇ ಖರ್ಚು. ನೀರು ಇಳಿದಾಗ ಚೇತರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಒಡಿಶಾದ ನಾಟಿ ತಳಿಯಿಂದ ಬಂದ 'ಎಫ್‌ಆರ್13ಎ' ಎಂಬ ಭತ್ತ ಹೀಗೆ ಮಾಡುವುದಿಲ್ಲ. ಮುಳುಗಿದೊಡನೆ ಬೆಳವಣಿಗೆ ನಿಲ್ಲಿಸಿ ಉಸಿರು ಬಿಗಿಹಿಡಿದು ಕೂರುತ್ತದೆ. ನೀರು ಇಳಿದ ಮೇಲೆ ಮತ್ತೆ ಚಿಗುರುತ್ತದೆ. ಇದಕ್ಕೆ ಕಾರಣವಾದ 'ಸಬ್1ಎ' ವಂಶವಾಹಿಯ ವಿವರ 2006ರಲ್ಲಿ ಪ್ರಕಟವಾಯಿತು. ಇದನ್ನು ಜನಪ್ರಿಯ ಸ್ವರ್ಣ ಭತ್ತಕ್ಕೆ ಸಂಕರಣದಿಂದ ಸೇರಿಸಿದ 'ಸ್ವರ್ಣ-ಸಬ್1' 2009ರಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಸುಮಾರು ಎರಡು ವಾರ ಮುಳುಗಿದರೂ ಇದು ಬದುಕುಳಿಯಬಲ್ಲದು.

ಸಬ್1ಎ ಸೇರಿರುವುದು 'ಇಆರ್‌ಎಫ್' ಕುಟುಂಬಕ್ಕೆ. ಇತರ ವಂಶವಾಹಿಗಳನ್ನು ಆನ್, ಆಫ್ ಮಾಡುವ ಸ್ವಿಚ್‌ಗಳ ಕುಟುಂಬ ಇದು. 2009ರಲ್ಲಿ ಜಪಾನಿನ ವಿಜ್ಞಾನಿಗಳು ಇದೇ ಕುಟುಂಬದ 'ಸ್ನಾರ್ಕೆಲ್' ಹೆಸರಿನ ಇಬ್ಬರು ಸದಸ್ಯರನ್ನು ಪತ್ತೆ ಮಾಡಿದರು. ಇವುಗಳ ಕೆಲಸ ನೇರ ವಿರುದ್ಧ. ತಿಂಗಳುಗಟ್ಟಲೆ ಆಳ ನೀರು ನಿಲ್ಲುವ ಕಡೆ ಗಿಡವನ್ನು ಮೀಟರ್‌ಗಟ್ಟಲೆ ಉದ್ದ ಬೆಳೆಸಿ ನೀರಿನ ಮೇಲೆ ತರುತ್ತವೆ. ಬಂದು ಹೋಗುವ ನೆರೆಗೆ ಸುಮ್ಮನಿರುವ ತಂತ್ರ, ನಿಂತುಬಿಡುವ ನೀರಿಗೆ ಎದ್ದು ನಿಲ್ಲುವ ತಂತ್ರ. ತಪ್ಪು ಜಾಗಕ್ಕೆ ತಪ್ಪು ತಳಿ ಕೊಟ್ಟರೆ ವಿಜ್ಞಾನ ಸರಿಯಿದ್ದೂ ಬೆಳೆ ಹೋಗುತ್ತದೆ.

ಬರ: ಬ್ರೇಕ್ ಹಾಕುವವರು, ಬ್ರೇಕ್ ತೆಗೆಯುವವರು

ಇಆರ್‌ಎಫ್‌ನ ದೊಡ್ಡ ಮನೆತನದಲ್ಲೇ 'ಡ್ರೆಬ್' ಎಂಬ ಇನ್ನೊಂದು ಶಾಖೆಯಿದೆ. 1990ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಬೆಳಕಿಗೆ ತಂದ ಈ ವಂಶವಾಹಿಗಳು ಬರ, ಚಳಿ, ಉಪ್ಪು ಬಂದಾಗ ರಕ್ಷಣೆಯ ಹತ್ತಾರು ವಂಶವಾಹಿಗಳನ್ನು ಒಟ್ಟಿಗೆ ಎಬ್ಬಿಸುತ್ತವೆ. ಆದರೆ ಡ್ರೆಬ್ ಅನ್ನು ಸದಾಕಾಲ ಆನ್ ಇಟ್ಟ ಗಿಡಗಳು ಕುಬ್ಜವಾಗಿಬಿಟ್ಟವು. ಯಾವಾಗಲೂ ಯುದ್ಧಕ್ಕೆ ಸಜ್ಜಾಗಿ ನಿಂತ ಗಿಡಕ್ಕೆ ಬೆಳೆಯಲು ಪುರುಸೊತ್ತಿಲ್ಲ. ಕಷ್ಟ ಬಂದಾಗ ಮಾತ್ರ ಎದ್ದೇಳುವಂತೆ ಹೊಂದಿಸಿದಾಗ ಈ ಸಮಸ್ಯೆ ಬಹುಪಾಲು ಬಗೆಹರಿಯಿತು. ತಾಳಿಕೆಗೂ ಇಳುವರಿಗೂ ಸದಾ ಹೀಗೊಂದು ಜಗ್ಗಾಟ ಇದ್ದೇ ಇರುತ್ತದೆ.

ಇನ್ನು ಕೆಲವು ವಂಶವಾಹಿಗಳು ತಾಳಿಕೆಗೆ ಬ್ರೇಕ್ ಹಾಕುತ್ತವೆ. ಭತ್ತದ 'ಡಿಎಸ್‌ಟಿ' ಅಂಥದ್ದು. ಎಲೆಯ ಪತ್ರರಂಧ್ರಗಳು ತೆರೆದಿರುವಂತೆ ನೋಡಿಕೊಳ್ಳುವ ಇದು ಬರದಲ್ಲಿ ನೀರು ಆವಿಯಾಗಿ ಹೋಗಲು ಕಾರಣವಾಗುತ್ತದೆ. ಇದನ್ನು ನಿಷ್ಕ್ರಿಯಗೊಳಿಸಿದರೆ ಗಿಡ ಬರವನ್ನೂ ಉಪ್ಪನ್ನೂ ಹೆಚ್ಚು ತಾಳುತ್ತದೆ ಎಂದು 2009ರಲ್ಲಿ ತಿಳಿದುಬಂತು. ಅದೇ ತಿಳಿವಳಿಕೆ 2025ರಲ್ಲಿ ಭಾರತದಲ್ಲಿ ದೊಡ್ಡ ಸುದ್ದಿಯಾಯಿತು.

2025ರ ಹೊಸ ತಳಿ ಮತ್ತು ವಿವಾದ

2025ರ ಮೇ 4ರಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ವಂಶವಾಹಿ ತಿದ್ದುಪಡಿಯಿಂದ ರೂಪಿಸಿದ ದೇಶದ ಮೊದಲ ಎರಡು ಭತ್ತದ ತಳಿಗಳನ್ನು ಘೋಷಿಸಿದರು. ಒಂದು ಸಾಂಬಾ ಮಹ್ಸೂರಿ ಆಧಾರಿತ 'ಡಿಆರ್‌ಆರ್ ಧಾನ್ 100' ಅಥವಾ ಕಮಲಾ. ಇನ್ನೊಂದು ಆಂಧ್ರದ ಎಂಟಿಯು 1010 ತಳಿಯಲ್ಲಿ ಡಿಎಸ್‌ಟಿ ವಂಶವಾಹಿಯನ್ನು ತಿದ್ದಿ ರೂಪಿಸಿದ 'ಪೂಸಾ ಡಿಎಸ್‌ಟಿ ರೈಸ್ 1'. ಉಪ್ಪು ಮತ್ತು ಕ್ಷಾರ ಮಣ್ಣಿನಲ್ಲಿ ಎರಡನೆಯದರ ಇಳುವರಿ ಮೂಲ ತಳಿಗಿಂತ ಶೇ 9.66ರಿಂದ ಶೇ 30ರವರೆಗೆ ಹೆಚ್ಚು ಎಂಬುದು ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಹೇಳಿಕೆ. ಶಿಫಾರಸು ಮಾಡಿದ ರಾಜ್ಯಗಳ ಪಟ್ಟಿಯಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಇವೆ.

ಇವು ಬಿಟಿ ಹತ್ತಿಯಂತೆ ಕುಲಾಂತರಿ ಅಲ್ಲ, ಬೇರೆ ಜೀವಿಯ ವಂಶವಾಹಿ ಇವುಗಳಲ್ಲಿ ಉಳಿದಿಲ್ಲ ಎನ್ನುವುದು ಸರ್ಕಾರದ ನಿಲುವು. ಇಂಥ ತಿದ್ದುಪಡಿಗಳನ್ನು ಕುಲಾಂತರಿ ಬೆಳೆಗಳ ಕಠಿಣ ನಿಯಮಗಳಿಂದ 2022ರ ಮಾರ್ಚ್‌ನಲ್ಲೇ ಹೊರಗಿಡಲಾಗಿದೆ. ಜಿಎಂ ಮುಕ್ತ ಭಾರತಕ್ಕಾಗಿನ ಒಕ್ಕೂಟ ಸೇರಿದಂತೆ ಹಲವರು ಇದನ್ನು ಒಪ್ಪುವುದಿಲ್ಲ. ಸುರಕ್ಷತಾ ಪರೀಕ್ಷೆಯಿಂದ ವಿನಾಯಿತಿ ಕೊಟ್ಟಿದ್ದೇಕೆ, ತಿದ್ದುಪಡಿ ತಂತ್ರಜ್ಞಾನದ ಪೇಟೆಂಟ್ ಯಾರದು, ನಾಳೆ ಬೀಜದ ಮೇಲಿನ ಹಕ್ಕು ಯಾರ ಕೈಯಲ್ಲಿರುತ್ತದೆ ಎಂಬುದು ಅವರ ಪ್ರಶ್ನೆ. ಕ್ಷೇತ್ರ ಪ್ರಯೋಗದ ಅಂಕಿ ಅಂಶಗಳ ಬಗ್ಗೆಯೂ ಒಕ್ಕೂಟ ಆಕ್ಷೇಪ ಎತ್ತಿತು, ಪರಿಷತ್ತು ಅದನ್ನು ತಳ್ಳಿಹಾಕಿತು. ಸರ್ಕಾರ ಪ್ರಯೋಗಗಳ ಪೂರ್ಣ ವಿವರವನ್ನು ಸ್ಥಳವಾರು, ವರ್ಷವಾರು ಜನರ ಮುಂದಿಟ್ಟರೆ ಈ ಜಗಳದ ಅರ್ಧ ಭಾಗ ಅಲ್ಲೇ ಮುಗಿಯುತ್ತದೆ.

ಖಾರ್ ಭೂಮಿಯ ರೈತನ ಪ್ರಶ್ನೆ ಇನ್ನೂ ಸರಳ. ಎಂಟಿಯು 1010 ಆಧಾರಿತ ತಳಿ ತನ್ನ ಗದ್ದೆಯ ಮಳೆ, ಮಣ್ಣು, ಒಡ್ಡಿನ ಸ್ಥಿತಿಗೆ ಹೊಂದುತ್ತದೆಯೇ? ಕೊಂಕಣದಲ್ಲಿ ಒಂದೇ ಹಂಗಾಮಿನಲ್ಲಿ ನೆರೆ, ಒಣ ದಿನಗಳು, ಉಪ್ಪು ಮೂರೂ ಬರಬಹುದು. ಒಂದು ವಂಶವಾಹಿಯ ತಿದ್ದುಪಡಿ ಈ ಮೂರಕ್ಕೂ ಮದ್ದಾಗಲಾರದು. ಆದ್ದರಿಂದಲೇ ಸಬ್1 ಮತ್ತು ಸಾಲ್ಟಾಲ್‌ಗಳನ್ನು ಒಂದೇ ತಳಿಯಲ್ಲಿ ಕೂಡಿಸುವತ್ತ ವಿಜ್ಞಾನಿಗಳು ಗಮನ ಹರಿಸಿದ್ದಾರೆ.

ಡೊಂಬಿವಲಿ, ಕಲ್ಯಾಣ್: ಮನುಷ್ಯ ತಂದಿಟ್ಟ ಒತ್ತಡ

ಉಪ್ಪು, ನೆರೆ ಪ್ರಕೃತಿಯವು. ಡೊಂಬಿವಲಿ, ಅಂಬರನಾಥ, ಉಲ್ಹಾಸನಗರದ ಕೈಗಾರಿಕಾ ಪಟ್ಟಿಯ ಸಮಸ್ಯೆ ಬೇರೆ. ಉಲ್ಹಾಸ್ ಮತ್ತು ವಾಲಧುನಿ ನದಿಗಳ ಮಾಲಿನ್ಯದ ವಿರುದ್ಧ ವನಶಕ್ತಿ ಸಂಸ್ಥೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿದ್ದು ಈಗಾಗಲೇ ಗೊತ್ತಿರುವ ವಿಚಾರ. ಕೈಗಾರಿಕಾ ನೀರಿನ ಭಾರಲೋಹಗಳಿಗೂ ಗಿಡಗಳಲ್ಲಿ ವಂಶವಾಹಿ ಕುಟುಂಬಗಳಿವೆ. ಉದಾಹರಣೆಗೆ ಭತ್ತದ 'ಎನ್‌ರ‍್ಯಾಂಪ್5' ಮಣ್ಣಿನಿಂದ ಮ್ಯಾಂಗನೀಸ್ ಹೀರುತ್ತದೆ. ಅದೇ ಬಾಗಿಲಿನಿಂದ ವಿಷಕಾರಿ ಕ್ಯಾಡ್ಮಿಯಂ ಕೂಡ ನುಸುಳುತ್ತದೆ. 'ಎಚ್‌ಎಂಎ3' ಎಂಬ ಇನ್ನೊಂದು ವಂಶವಾಹಿ ಕ್ಯಾಡ್ಮಿಯಂ ಅನ್ನು ಬೇರಿನ ಕೋಶಗಳಲ್ಲೇ ಕೂಡಿಹಾಕಿ ಕಾಳಿಗೆ ಹೋಗದಂತೆ ತಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ವಿಷ ತಾಳುವ ಗಿಡ ಎಂದರೆ ತಿನ್ನಲು ಸುರಕ್ಷಿತವಾದ ಕಾಳು ಎಂದೇನೂ ಅಲ್ಲ. ಗಿಡ ಆರೋಗ್ಯವಾಗಿ ಕಂಡರೂ ಕಾಳಿನಲ್ಲಿ ಲೋಹ ಇರಬಹುದು. ಈ ಒತ್ತಡಕ್ಕೆ ಮೊದಲ ಪರಿಹಾರ ಹುಡುಕಬೇಕಾದದ್ದು ಕಾರ್ಖಾನೆಯ ಪೈಪಿನ ಬಾಯಲ್ಲಿ. ಭತ್ತದ ತಳಿ ಬದಲಿಸುವುದು ಆಮೇಲಿನ ಮಾತು.

ಕರ್ನಾಟಕದ ಕಗ್ಗ ಕಲಿಸುವ ಪಾಠ

ಖಾರ್ ಭೂಮಿಯ ಕನ್ನಡ ಹೆಸರು 'ಗಜನಿ'. ಉತ್ತರ ಕನ್ನಡದ ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಅಳಿವೆಯ ಮಾಣಿಕಟ್ಟಾ ಸುತ್ತಮುತ್ತ ಗಜನಿ ಗದ್ದೆಗಳಲ್ಲಿ 'ಕಗ್ಗ' ಎಂಬ ನಾಟಿ ಭತ್ತ ಬೆಳೆಯುತ್ತಿದ್ದರು. ಎತ್ತರದ ಕಾಂಡ, ಕಾಳಿಗೆ ಮೀಸೆ, ಉಪ್ಪನ್ನೂ ಮುಳುಗಡೆಯನ್ನೂ ತಾಳುವ ಗುಣ. ಗೊಬ್ಬರ, ಔಷಧಿ ಬೇಡ. ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಮೀನು, ಸಿಗಡಿ. ಸಿಗಡಿಯ ಲಾಭ ಕಂಡಮೇಲೆ ಭತ್ತ ಹಿಂದೆ ಸರಿಯಿತು. ಒಡ್ಡು ಮತ್ತು ತೂಬಿನ ನಿರ್ವಹಣೆ ಸೊರಗಿತು. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಥಾಣೆ ಖಾಡಿಗೆ ಅದು 2022ರಲ್ಲೇ ಸಿಕ್ಕಿತ್ತು. ಎರಡೂ ಕಡೆ ಕಾಂಡ್ಲಾ ಗಿಡಗಳಿಗೆ, ಹಕ್ಕಿಗಳಿಗೆ ರಕ್ಷಣೆ ಇದೆ. ಅವುಗಳ ಪಕ್ಕದಲ್ಲೇ ಬೆಳೆದ ಭತ್ತಕ್ಕೆ ಅಂಥದ್ದೊಂದು ಆಸರೆ ಇಲ್ಲ.

ನೋನಾ ಬೊಕ್ರಾ, ಪೊಕ್ಕಾಳಿ, ಎಫ್‌ಆರ್13ಎ ಯಾವುದೂ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಹೆಸರು ಗೊತ್ತಿಲ್ಲದ ರೈತರು ನೂರಾರು ವರ್ಷ ಉಳಿಸಿಕೊಂಡು ಬಂದ ಬೀಜಗಳು ಅವು. ವಿಜ್ಞಾನಿಗಳು ಮಾಡಿದ್ದು ಅದರೊಳಗಿನ ವಂಶವಾಹಿಯನ್ನು ಗುರುತಿಸುವ ಕೆಲಸ. ಇಂಥ ತಳಿ ಕಾಪಾಡಿದ ರೈತರಿಗೆ 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾನ್ಯತೆ, ಪುರಸ್ಕಾರ, ಲಾಭದಲ್ಲಿ ಪಾಲು ನೀಡುತ್ತದೆ. ಆದರೆ ಹಕ್ಕು ಕೇಳಬೇಕಾದ ಗದ್ದೆಯೇ ಇಲ್ಲದಿದ್ದರೆ?

ಕೊನೆಗೆ ಉಳಿಯುವ ಪ್ರಶ್ನೆ ನೆಲದ್ದು

ಸಿಡ್ಕೊ ಸ್ಥಾಪನೆಯಾದದ್ದು 1970ರಲ್ಲಿ. ನವಿ ಮುಂಬೈಗಾಗಿ ಥಾಣೆ, ಪನ್ವೇಲ್, ಉರಣ್ ಭಾಗದ 95 ಹಳ್ಳಿಗಳ ಭೂಮಿ ಸ್ವಾಧೀನಕ್ಕೆ ಒಳಪಟ್ಟಿತು. ಪರಿಹಾರಕ್ಕಾಗಿ ಡಿ.ಬಿ. ಪಾಟೀಲ್ ನೇತೃತ್ವದಲ್ಲಿ ನಡೆದ ಹೋರಾಟದಲ್ಲಿ 1984ರ ಜನವರಿಯಲ್ಲಿ ಪೊಲೀಸ್ ಗುಂಡಿಗೆ ಐವರು ಬಲಿಯಾದರು. ಸ್ವಾಧೀನವಾದ ಭೂಮಿಯ ಬದಲಿಗೆ ಶೇ 12.5ರಷ್ಟು ಅಭಿವೃದ್ಧಿಪಡಿಸಿದ ನಿವೇಶನ ಕೊಡುವ ಯೋಜನೆ ಬಂದದ್ದು ಈ ಹೋರಾಟದ ಫಲ. ವಿಮಾನ ನಿಲ್ದಾಣಕ್ಕೆ ಪಾಟೀಲರ ಹೆಸರಿಡಬೇಕೆಂಬ ಕೂಗಿನ ಹಿಂದೆ ಇದೇ ನೆನಪಿದೆ. ಕಲ್ಯಾಣ್ ಸಮೀಪದ ನೇವಾಳಿಯಲ್ಲಿ 2017ರ ಜೂನ್‌ನಲ್ಲಿ ರೈತರು ಬೀದಿಗಿಳಿದದ್ದೂ ಭೂಮಿಗಾಗಿಯೇ.

ನಗರ ಬೆಳೆಯಬಾರದು ಎಂದು ಯಾರೂ ಹೇಳಲಾರರು. ಆ ನಗರವನ್ನು ಕಟ್ಟಿದವರಲ್ಲಿ, ಅದರಲ್ಲಿ ಬದುಕು ಕಂಡುಕೊಂಡವರಲ್ಲಿ ಕನ್ನಡಿಗರೂ ಇದ್ದಾರೆ. ಆದರೆ ಖಾರ್ ಗದ್ದೆಗಳು ಅಕ್ಕಿಯ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದವು. ಮಳೆನೀರು ನಿಲ್ಲಲು ಜಾಗ ಕೊಡುತ್ತಿದ್ದವು. ಅಲ್ಲಿ ಮಣ್ಣು ತುಂಬಿ ಕಟ್ಟಡ ಎದ್ದಮೇಲೆ ನೀರು ಬೇರೆ ದಾರಿ ಹುಡುಕುತ್ತದೆ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಗಾದೆ ಗದ್ದೆ ನುಂಗಿದ ನಗರಕ್ಕೂ ಹೊಂದುತ್ತದೆ.

ಹಾಗಾದರೆ ಆಗಬೇಕಾದದ್ದೇನು? ಮೊದಲನೆಯದು, ಉಳಿದಿರುವ ಖಾರ್ ಮತ್ತು ಗಜನಿ ಒಡ್ಡುಗಳ ದುರಸ್ತಿ. ಒಡ್ಡು ಒಡೆದ ಗದ್ದೆಯಲ್ಲಿ ಯಾವ ವಂಶವಾಹಿಯೂ ಬೆಳೆ ಉಳಿಸದು. ಎರಡನೆಯದು, ಹೊಸ ತಳಿಗಳನ್ನು ಪನ್ವೇಲ್, ಕರ್ಜತ್, ಕುಮಟಾದಂಥ ಕಡೆ ರೈತರ ಗದ್ದೆಯಲ್ಲೇ, ನಾಟಿ ತಳಿಗಳ ಪಕ್ಕದಲ್ಲೇ ಬೆಳೆದು ನೋಡಿ ಫಲಿತಾಂಶ ಪ್ರಕಟಿಸುವುದು. ಮೂರನೆಯದು, ರತಾ, ಕಗ್ಗದಂಥ ತಳಿಗಳನ್ನು ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿನ ಶೈತ್ಯಾಗಾರದಲ್ಲಿ ಇಡುವುದರ ಜೊತೆಗೆ ಗದ್ದೆಯಲ್ಲೂ ಉಳಿಸುವುದು. ಶೈತ್ಯಾಗಾರದ ಬೀಜ ಇದ್ದ ಹಾಗೇ ಇರುತ್ತದೆ. ಗದ್ದೆಯ ಬೀಜ ಮಾತ್ರ ಬದಲಾಗುವ ಹವಾಮಾನದ ಜೊತೆ ತಾನೂ ಬದಲಾಗುತ್ತಾ ಹೋಗುತ್ತದೆ.

ಮುಂದಿನ ಮುಂಗಾರಿಗೂ ಪನ್ವೇಲ್‌ನ ಕೇಂದ್ರದಲ್ಲಿ ಸಸಿ ಮಡಿ ಸಿದ್ಧವಾಗುತ್ತದೆ. ಅಲ್ಲಿಂದ ಹೊರಬರುವ ಬೀಜಕ್ಕೆ ಸುತ್ತಲಿನ ಊರುಗಳಲ್ಲಿ ಎಷ್ಟು ಎಕರೆ ಗದ್ದೆ ಕಾದಿರುತ್ತದೆ ಎಂಬುದು ತೀರ್ಮಾನವಾಗುವುದು ಮಂತ್ರಾಲಯದ ಯೋಜನಾ ನಕ್ಷೆಗಳಲ್ಲಿ.